ಪರಮಾಣುಗಳ ಅಳತೆಗಾರ

1942ರ ನವೆಂಬರ್ 26. ನಾರ್ವೆಯ ಓಸ್ಲೊ ಬಂದರಿನಲ್ಲಿ ‘ಡೊನೌ’ ಎಂಬ ಹಡಗು ನಿಂತಿತ್ತು. ನಾಜಿಗಳು ಬಂಧಿಸಿದ್ದ 500ಕ್ಕೂ ಹೆಚ್ಚು ಯಹೂದಿಗಳನ್ನು ಅದಕ್ಕೆ ಹತ್ತಿಸುತ್ತಿದ್ದರು. ಆ ಗುಂಪಿನಲ್ಲಿದ್ದ 54 ವರ್ಷದ ಪ್ರೊಫೆಸರ್ ಒಬ್ಬರನ್ನು ಕೊನೆ ಗಳಿಗೆಯಲ್ಲಿ ಹೊರಗೆ ಕರೆದರು. ಅವರ ವಿದ್ಯೆ ದೇಶಕ್ಕೆ ಬೇಕು ಎಂದು ಸಹೋದ್ಯೋಗಿಗಳು ಹೋರಾಡಿದ್ದರು. ಹಡಗು ಔಶ್ವಿಟ್ಸ್‌ನ ಹಾದಿ ಹಿಡಿಯಿತು. ಅದರಲ್ಲಿ ಹೋದವರ ಪೈಕಿ ಬದುಕುಳಿದವರು ಹತ್ತು ಮಂದಿಯೂ ಇಲ್ಲ.

ಉಳಿದ ಆ ಪ್ರೊಫೆಸರ್ ವಿಕ್ಟರ್ ಗೋಲ್ಡ್‌ಸ್ಮಿಡ್ಟ್. ಭೂರಸಾಯನ ವಿಜ್ಞಾನದ ಪಿತಾಮಹರಲ್ಲಿ ಒಬ್ಬರು.

1888ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಅವರು ರಸಾಯನ ವಿಜ್ಞಾನಿಯಾಗಿದ್ದ ತಂದೆಯ ಜೊತೆ 1901ರಲ್ಲಿ ನಾರ್ವೆಗೆ ಬಂದರು. 23ನೇ ವಯಸ್ಸಿಗೆ ಡಾಕ್ಟರೇಟ್, 26ಕ್ಕೆ ಪ್ರೊಫೆಸರ್ ಹುದ್ದೆ. ಎಕ್ಸ್-ಕಿರಣಗಳ ನೆರವಿನಿಂದ ಹರಳುಗಳ ಒಳಗನ್ನು ಪರೀಕ್ಷಿಸಿ, ಹತ್ತಾರು ಅಯಾನುಗಳ ಗಾತ್ರವನ್ನು ಪಟ್ಟಿ ಮಾಡಿದರು.

1926ರಲ್ಲಿ ಅವರು ಒಂದು ಸರಳ ಸೂತ್ರ ಕೊಟ್ಟರು. ಪೆರೋವ್‌ಸ್ಕೈಟ್ ಎಂಬ ಹರಳಿನ ರಚನೆಯಲ್ಲಿ ಮೂರು ಬಗೆಯ ಅಯಾನುಗಳಿರುತ್ತವೆ. ಅವುಗಳ ಗಾತ್ರ ಒಂದಕ್ಕೊಂದು ಹೊಂದಿದರೆ ಮಾತ್ರ ಹರಳು ನಿಲ್ಲುತ್ತದೆ. ಲೆಕ್ಕ ಹಾಕಿದಾಗ ಬರುವ ಅಂಕಿ 1ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ತೀರ ದೂರ ಸರಿದರೆ ರಚನೆಯೇ ಬದಲಾಗುತ್ತದೆ. ಆಗ ಇದು ಖನಿಜ ತಜ್ಞರಿಗಷ್ಟೇ ಬೇಕಾದ ಲೆಕ್ಕವಾಗಿತ್ತು.

1929ರಲ್ಲಿ ಅವರು ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯ ಸೇರಿದರು. ಯಹೂದಿ ದ್ವೇಷ ಹೆಚ್ಚಿದಾಗ, 1935ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು ಓಸ್ಲೊಗೆ ಮರಳಿದರು. ಅಲ್ಲಿಗೂ ನಾಜಿಗಳು ಬಂದರು. ಬಂದರಿನಿಂದ ಪಾರಾದ ಕೆಲವೇ ವಾರಗಳಲ್ಲಿ ಅವರು ಗಡಿ ದಾಟಿ ಸ್ವೀಡನ್ ಸೇರಿದರು, ಅಲ್ಲಿಂದ ಬ್ರಿಟನ್ನಿಗೆ ಹೋದರು. ಸೆರೆವಾಸದಿಂದ ಕುಗ್ಗಿದ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. ಆದರೂ ಮಣ್ಣಿನ ಸಂಶೋಧನೆ ಬಿಡಲಿಲ್ಲ, ಭೂರಸಾಯನ ಕುರಿತ ದೊಡ್ಡ ಪುಸ್ತಕ ಬರೆಯತೊಡಗಿದರು. ಅದು ಮುಗಿಯುವ ಮೊದಲೇ, 1947ರಲ್ಲಿ ಓಸ್ಲೊದಲ್ಲಿ ತೀರಿಕೊಂಡರು. ಪುಸ್ತಕ 1954ರಲ್ಲಿ ಪ್ರಕಟವಾಯಿತು.

ಅವರ ಸೂತ್ರಕ್ಕೆ ಹೊಸ ಜೀವ ಬಂದದ್ದು ಸೌರಕೋಶದಿಂದ. 2009ರಲ್ಲಿ ಜಪಾನಿನ ಸಂಶೋಧಕರು ಸೀಸವಿರುವ ಪೆರೋವ್‌ಸ್ಕೈಟ್ ಬಳಸಿ ಬಿಸಿಲಿನ ಶೇ 3.8ರಷ್ಟನ್ನು ವಿದ್ಯುತ್ತಾಗಿಸಿದರು. ಈಗ ಪ್ರಯೋಗಾಲಯಗಳಲ್ಲಿ ಅದು ಶೇ 25 ದಾಟಿದೆ. ಆದರೆ ಸೀಸ ವಿಷ. ಅದರ ಜಾಗಕ್ಕೆ ತವರ ಹಾಕಿದರೆ ಗಾತ್ರವೇನೋ ಹೊಂದುತ್ತದೆ, ಗಾಳಿ ತಾಗಿದರೆ ಬೇಗ ಕೆಡುತ್ತದೆ. ಎರಡು ಸೀಸದ ಬದಲು ಒಂದು ಬೆಳ್ಳಿ, ಒಂದು ಬಿಸ್ಮತ್ ಇಡುವುದು ಇನ್ನೊಂದು ದಾರಿ. ಬೇರೆ ಲೋಹವನ್ನು ಚಿಟಿಕೆಯಷ್ಟು ಬೆರೆಸುವ ಡೋಪಿಂಗ್ ಕೂಡ ನಡೆದಿದೆ. 2018ರಲ್ಲಿ ಬೆಳ್ಳಿ–ಇಂಡಿಯಂ ಹರಳಿಗೆ ಸೋಡಿಯಂ ಸೇರಿಸಿ, ಅತ್ಯಲ್ಪ ಬಿಸ್ಮತ್ ಡೋಪ್ ಮಾಡಿದಾಗ ಅದು ಬೆಚ್ಚನೆಯ ಬಿಳಿ ಬೆಳಕು ಸೂಸಿತು. ಸೀಸದ ಹಂಗೇ ಇಲ್ಲ.

ಯಾವ ಲೋಹ ಹೊಂದೀತು ಎಂದು ಹುಡುಕುವವರು ಇಂದಿಗೂ ಮೊದಲು ನೋಡುವುದು ಗೋಲ್ಡ್‌ಸ್ಮಿಡ್ಟ್ ಅಂಕಿಯನ್ನು. ಸೌರಶಕ್ತಿ ಕ್ಷೇತ್ರದಲ್ಲಿ ಸಂಶೋಧನೆಯ ಕನಸಿರುವ ಗೆಳೆಯರೇ, ಆ ಲೆಕ್ಕಕ್ಕೆ ಪೆನ್ನು, ಕಾಗದ ಸಾಕು. ಒಮ್ಮೆ ನೀವೇ ಹಾಕಿ ನೋಡಿ.