ಉರಿಗಾಂ ಚಿನ್ನವನ್ನ ಮೊದಲು ತೋರಿಸಿದ್ದು ಕಂಪನಿ ಅಲ್ಲ, ಊರಿನವರ ಮರದ ತಟ್ಟೆ!

ಉರಿಗಾಂ: ಕೆಜಿಎಫ್ ಕಥೆ ಅಂದ್ರೆ ಎಲ್ಲರೂ ಜಾನ್ ಟೇಲರ್ ಕಂಪನಿಯಿಂದಲೇ ಶುರು ಮಾಡ್ತಾರೆ. ಆದರೆ ಅದಕ್ಕೂ ಸುಮಾರು 80 ವರ್ಷ ಮುಂಚೆ ಇಲ್ಲಿನ ಚಿನ್ನದ ಬಗ್ಗೆ ವರದಿ ಬರೆದಿಟ್ಟವರು ಲೆಫ್ಟಿನೆಂಟ್ ಜಾನ್ ವಾರನ್.

ವಾರನ್ ಹುಟ್ಟಿದ್ದು 1769ರಲ್ಲಿ, ಇಟಲಿಯ ಲಿವೊರ್ನೊದಲ್ಲಿ. ಮನೆತನ ಫ್ರೆಂಚರದ್ದು, ದುಡಿದದ್ದು ಬ್ರಿಟಿಷ್ ಸೈನ್ಯದಲ್ಲಿ. 1799ರ ಶ್ರೀರಂಗಪಟ್ಟಣ ಯುದ್ಧದಲ್ಲೂ ಇದ್ದರು. ಆಮೇಲೆ ಮೈಸೂರು ರಾಜ್ಯದ ಪೂರ್ವ ಗಡಿಯ ಸರ್ವೆ ಕೆಲಸಕ್ಕೆ ಬಂದರು.

1802ರಲ್ಲಿ ಈ ಕಡೆ ಸುತ್ತುವಾಗ ಉರಿಗಾಂ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಮಾತು ಅವರ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡ್ತೀನಿ ಅಂದರು. ಊರಿನವರು ಎತ್ತಿನಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವರ ಕಣ್ಣೆದುರೇ ತೊಳೆದರು.

ಆಗ ಯಾವ ಮಷಿನ್ನೂ ಇರಲಿಲ್ಲ. ಕೈಯಲ್ಲೇ ಕೊರೆದ ಮರದ ತಟ್ಟೆ, ನೀರು, ಅಷ್ಟೇ. ಮನೆಯಲ್ಲಿ ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡ್ತಾರಲ್ಲ, ಲೆಕ್ಕ ಅದೇ. ತಟ್ಟೆ ಅಲ್ಲಾಡಿಸಿದರೆ ಹಗುರ ಮಣ್ಣು ನೀರಿನ ಜೊತೆ ಹೋಗುತ್ತೆ. ಚಿನ್ನ ನೀರಿಗಿಂತ 19 ಪಟ್ಟು ತೂಕ, ತಳದಲ್ಲೇ ಕೂರುತ್ತೆ. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗಿಳಿದು ಕಲ್ಲು ತೆಗೆಯೋರು, ಹೆಂಗಸರು ಅದನ್ನ ಕುಟ್ಟಿ ಪುಡಿ ಮಾಡಿ ತೊಳೆಯೋರು.

ವಾರನ್ ನೋಡಿ ಸುಮ್ಮನಾಗಲಿಲ್ಲ, ತೂಕ ಹಾಕಿದರು. 56 ಕೆ.ಜಿ. ಮಣ್ಣಿಗೆ ಒಂದು ಗ್ರೈನ್ ಚಿನ್ನ, ಅಂದ್ರೆ 65 ಮಿಲಿಗ್ರಾಂ. ಇವತ್ತಿನ ಲೆಕ್ಕದಲ್ಲಿ ಒಂದು ಗ್ರಾಂಗೆ ಹತ್ತಿರ ಹತ್ತಿರ 860 ಕೆ.ಜಿ. ಮಣ್ಣು ತೊಳೀಬೇಕು! ಅಷ್ಟು ಬೆವರಿಗೆ ಅಷ್ಟೇ ಕೂಲಿ.

ಅವರ ವರದಿ 1804ರಲ್ಲಿ ಅಚ್ಚಾಯಿತು. ಮುಂದೆ ವಾರನ್ ಮದ್ರಾಸ್ ವೀಕ್ಷಣಾಲಯ ನೋಡಿಕೊಂಡರು. ನಮ್ಮ ಪಂಚಾಂಗಗಳ ಲೆಕ್ಕದ ಮೇಲೆ 1825ರಲ್ಲಿ ‘ಕಾಲಸಂಕಲಿತ’ ಪುಸ್ತಕ ತಂದರು. 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡರು. ಇಲ್ಲಿ ಶಾಫ್ಟ್ ಇಳಿದದ್ದನ್ನ ಅವರು ನೋಡಲೇ ಇಲ್ಲ.

ಅದೇ ವರದಿ 1871ರಲ್ಲಿ ಮೈಕೆಲ್ ಲ್ಯಾವೆಲ್ ಕೈಗೆ ಸಿಕ್ಕಿತು. ಅವರು ಬೆಂಗಳೂರಿಂದ ಎತ್ತಿನಗಾಡಿ ಹತ್ತಿ ಬಂದರು, 1875ರಲ್ಲಿ ಲೈಸೆನ್ಸ್ ಪಡೆದರು. ಆಮೇಲೆ ಕಂಪನಿಗಳು ಬಂದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ವಾರನ್ ಹೆಸರು ಪುಸ್ತಕದಲ್ಲಿ ಉಳಿದಿದೆ, ಅದು ನ್ಯಾಯವೇ. ಆದರೆ ಗಾಡಿ ಹೊಡೆದು ಬಂದು ತಟ್ಟೆ ಹಿಡಿದವರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಸೈನೈಡ್ ಗುಡ್ಡದ ಪಕ್ಕ ಹಾದು ಹೋಗುವಾಗ ಒಮ್ಮೆ ಅವರನ್ನೂ ನೆನೆಸಿಕೊಳ್ಳೋಣ.