ಕಲ್ಗೊಡಲಿಗಳನ್ನು ಕೂಡಿಟ್ಟ ರಾಬರ್ಟ್ ಬ್ರೂಸ್ ಫೂಟ್



ಹೊಲ ಉಳುವಾಗ ನೇಗಿಲಿಗೆ ತಾಗಿದ ಕಲ್ಲನ್ನು ನಾವು ಎತ್ತಿ ಬದುವಿಗೆ ಎಸೆಯುತ್ತೇವೆ. ಆದರೆ ಆ ಕಲ್ಲು ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಹಿಡಿಗೆ ಸರಿಯಾಗಿ, ಯಾರೋ ಉಜ್ಜಿ ನುಣುಪು ಮಾಡಿದಂತೆ ಇದ್ದರೆ ಒಂದು ಗಳಿಗೆ ನಿಂತು ನೋಡಬೇಕು. ಅಂಥ ಕಲ್ಲುಗಳನ್ನು ಹುಡುಕುತ್ತಾ ದಕ್ಷಿಣ ದೇಶವನ್ನೆಲ್ಲ ಸುತ್ತಿದ ಒಬ್ಬರ ಬಾಳನ್ನು ಈ ಸಲ ನೆನೆಯೋಣ.

ರಾಬರ್ಟ್ ಬ್ರೂಸ್ ಫೂಟ್ 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೆ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಇಲ್ಲಿ ಅವರ ಕೈಹಿಡಿದವರು ಪೀಟರ್ ಪರ್ಸಿವಲ್ ಎಂಬ ಪಾದ್ರಿಯ ಮಗಳು. ಆರುಮುಗ ನಾವಲರ ನೆರವಿನಿಂದ ತಮಿಳು ಬೈಬಲ್ ಅನುವಾದ ಮಾಡಿಸಿದ ಪರ್ಸಿವಲ್ ಇವರೇ.

ಬಂಡೆಗಳ ನಕ್ಷೆ ಬರೆಯುವುದು ಫೂಟರ ನೌಕರಿ. ಹಳೆಯ ಕಲ್ಲಿನ ಆಯುಧ ಹುಡುಕುವುದು ಅವರ ಸ್ವಂತ ಹಂಬಲ. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ, ಈಗ ಭೂಮಿಯ ಮೇಲಿಲ್ಲದ ಆನೆಗಳ ಮೂಳೆಯ ಜೊತೆಯಲ್ಲೇ ಮನುಷ್ಯರು ಕೆತ್ತಿದ ಕಲ್ಲುಗಳು ಸಿಕ್ಕಿವೆ ಎಂದು 1859ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಫೂಟರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ, ಗರಸು ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಕೆತ್ತಿದ ಕಲ್ಲೊಂದು ಸಿಕ್ಕಿತು. ಭಾರತದಲ್ಲಿ ಹಳೆಯ ಶಿಲಾಯುಗವನ್ನು ಗುರುತಿಸಿದ್ದು ಅಂದೇ. ಅದೇ ವರ್ಷ ವಿಲಿಯಂ ಕಿಂಗ್ ಎಂಬ ಸಹೋದ್ಯೋಗಿಯೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹಲವು ಕೈಗೊಡಲಿಗಳನ್ನು ಕಂಡರು.

ಲೋಕ ಹುಟ್ಟಿ ಆರು ಸಾವಿರ ವರ್ಷವೆಂದು ಆಗ ಎಷ್ಟೋ ಕ್ರೈಸ್ತರು ಎಣಿಸಿಕೊಂಡಿದ್ದರು. ಒಂದು ಹಿಡಿ ಕಲ್ಲು ಆ ಲೆಕ್ಕವನ್ನು ಅಲುಗಿಸಿತು. ಅದರಿಂದ ವಿಶ್ವಾಸಕ್ಕೆ ಧಕ್ಕೆ ಬರಲಿಲ್ಲ. ಮುಂದೆ ಫ್ರಾನ್ಸಿನಲ್ಲಿ ಇದೇ ವಿದ್ಯೆಗೆ ದೊಡ್ಡ ಹೆಸರು ತಂದವರು ನಮ್ಮ ಧರ್ಮಸಭೆಯ ಗುರುಗಳೇ ಆದ ಹೆನ್ರಿ ಬ್ರೊಯ್.

ಕನ್ನಡ ನಾಡಿಗೂ ಫೂಟರ ಋಣವಿದೆ. ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳ ಬಂಡೆಗಳನ್ನು ಅವರು ಪರಿಶೀಲಿಸಿದರು. ಅಲ್ಲಿನ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಬಳ್ಳಾರಿಯ ಹತ್ತಿರ ಕಪ್ಪಗಲ್ಲು ಬೆಟ್ಟದಲ್ಲಿ, ಕಲ್ಗೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸಿದ ಜಾಗವನ್ನು ಗುರುತಿಸಿದರು. ಕಪ್ಪು ಬಂಡೆಯನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಮತ್ತೊಂದು ಬಂಡೆಗೆ ಉಜ್ಜಿ ಹರಿತ ಮಾಡುತ್ತಿದ್ದರು. ಉಜ್ಜಿದ ಗಾಡಿಗಳು ಬಂಡೆಯ ಮೇಲೆ ಹಾಗೇ ಉಳಿದಿವೆ. ನಡುವೆ ತೂತಿರುವ ದುಂಡು ಕಲ್ಲುಗಳೂ ಇಂಥ ಕಡೆ ಸಿಗುತ್ತವೆ. ಅವು ಗದೆಯ ತಲೆ ಇರಬಹುದು, ನೆಲ ಅಗೆಯುವ ಕೋಲಿಗೆ ಸಿಕ್ಕಿಸಿದ ಭಾರವೂ ಇರಬಹುದು. ಜನ ರಾಕ್ಷಸರ ಬೂದಿ ಎನ್ನುತ್ತಿದ್ದ ದಿಬ್ಬಗಳು ಸಗಣಿ ಸುಟ್ಟು ಬಿದ್ದ ರಾಶಿಗಳೆಂದು ಫೂಟರು ತಿಳಿದರು. ನಂತರದ ವಿದ್ವಾಂಸರ ಪರೀಕ್ಷೆಗಳು ಅದನ್ನೇ ಎತ್ತಿಹಿಡಿದವು.

1891ರಲ್ಲಿ ನಿವೃತ್ತರಾದ ಮೇಲೆ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಕೆಲಸ ಮಾಡಿದರು. ಏರ್ಕಾಡಿನಲ್ಲಿ ಮನೆ ಮಾಡಿಕೊಂಡರು. ಆ ಶೆವರಾಯ್ ಬೆಟ್ಟದ ಜನ ಹೊಲದಲ್ಲಿ ಸಿಕ್ಕ ನುಣುಪು ಕಲ್ಗೊಡಲಿಗಳನ್ನು ಎಸೆಯದೆ, ಮರದಡಿಯ ಸಣ್ಣ ಗುಡಿಗಳಲ್ಲಿ ಇಟ್ಟು ಕೈಮುಗಿಯುತ್ತಿದ್ದರು. ಮಾಡಿದವರು ಯಾರೆಂದು ತಿಳಿಯದಿದ್ದರೂ ಅದು ಬರೀ ಕಲ್ಲಲ್ಲ ಎಂದು ಅವರಿಗೆ ಗೊತ್ತಿತ್ತು. ಪುನೀತರ ಅವಶೇಷಗಳನ್ನು ಗೌರವಿಸುವ ನಮಗೆ ಆ ಮನಸ್ಸು ಅರ್ಥವಾಗದ್ದಲ್ಲ. ಒಬ್ಬರಿಗೆ ಸಂಗ್ರಹದ ವಸ್ತುವಾದದ್ದು ಇನ್ನೊಬ್ಬರಿಗೆ ದೇವರ ಸನ್ನಿಧಿಯಾಗಿರಬಹುದು ಎಂಬುದನ್ನು ಕೂಡಿಡುವವರು ಮರೆಯಬಾರದು.

ಕೂಡಿಡುವವರು ಫೂಟರೊಬ್ಬರೇ ಅಲ್ಲ. 1769ರಲ್ಲಿ ಕ್ಯಾಪ್ಟನ್ ಕುಕ್ ಟಹೀಟಿ ತಲುಪಿದ ಮೇಲೆ ಪಾಲಿನೇಷ್ಯದ ದ್ವೀಪಗಳಿಂದ ಯುದ್ಧದ ಗದೆಗಳು, ಕಲ್ಲಿನ ಬಾಚಿಗಳು ಹಡಗು ಹಡಗಾಗಿ ಯೂರೋಪಿಗೆ ಹೋದವು. ಅವುಗಳಲ್ಲಿ ಎಷ್ಟೋ ಗದೆಗಳು ಯಾವ ದ್ವೀಪದವು, ಯಾರ ಕೈಯಲ್ಲಿದ್ದವು ಎಂದು ಯಾರೂ ಬರೆದಿಡಲಿಲ್ಲ. ಊರು ತಪ್ಪಿದ ಮಗುವಿನಂತೆ ಅವು ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ. ಫೂಟರ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅವರು ಸಿಕ್ಕ ಕಲ್ಲಿನ ಜೊತೆ ಸಿಕ್ಕ ಊರಿನ ಹೆಸರನ್ನೂ ಬರೆದಿಟ್ಟರು. 1904ರಲ್ಲಿ ಅವರ ಸಂಗ್ರಹ ಮದ್ರಾಸಿನ ಎಗ್ಮೋರ್ ಮ್ಯೂಸಿಯಂಗೆ ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ವಿವರಗಳ ಪುಸ್ತಕಗಳು ಅವರ ಕಾಲಾನಂತರ, 1914 ಮತ್ತು 1916ರಲ್ಲಿ, ಅಚ್ಚಾದವು. ಇಂದಿಗೂ ವಿದ್ವಾಂಸರು ಆ ಪುಸ್ತಕ ಹಿಡಿದು ಊರೂರಿಗೆ ಹೋಗುತ್ತಾರೆ.

ಇದು ದೂರದ ಮಾತಲ್ಲ. ನಮ್ಮ ಕೃಷ್ಣಗಿರಿ ಜಿಲ್ಲೆಯ ಬರಗೂರಿನ ಕಡೆ ಮಯಿಲಾಡುಂಪಾರೈ ಇದೆ. ನವಿಲಾಡುವ ಬಂಡೆ ಎಂದು ಅದರರ್ಥ. ಇಂಗ್ಲಿಷರು ಬಳ್ಳಾರಿಯ ಕಪ್ಪಗಲ್ಲು ಬೆಟ್ಟವನ್ನೂ ನವಿಲು ಬೆಟ್ಟವೆಂದೇ ಕರೆದಿದ್ದರು! ಮಯಿಲಾಡುಂಪಾರೈನಲ್ಲಿ ಉಜ್ಜಿದ ಕಲ್ಗೊಡಲಿಗಳೂ ಕಬ್ಬಿಣವೂ ಸಿಕ್ಕಿವೆ. ಆ ಕಬ್ಬಿಣದ ಕಾಲ ಕ್ರಿಸ್ತಪೂರ್ವ 2172ರವರೆಗೆ ಹೋಗುತ್ತದೆ ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಅಬ್ರಹಾಮನ ಕಾಲದಷ್ಟು ಹಿಂದಿನ ಮಾತು ಅದು.

ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ನಮ್ಮವರ ಹೊಲಗಳಲ್ಲಿ ಇಂಥ ಕಲ್ಲು ಸಿಕ್ಕರೆ ಹಳೆ ಸಾಮಾನು ಕೊಳ್ಳುವವನಿಗೆ ಕೊಡಬೇಡಿ. ಯಾವ ಊರು, ಯಾವ ಹೊಲ, ಯಾವ ದಿನ ಎಂದು ಬರೆದಿಟ್ಟುಕೊಂಡು ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂಗೆ ತಿಳಿಸಿ. ಮನೆಯಲ್ಲಿರುವ ಅಜ್ಜಿಯ ಕನ್ನಡ ಜಪದ ಪುಸ್ತಕಕ್ಕೂ ಇದೇ ಮಾತು. ಮೂರು ನುಡಿಗಳ ನಡುವೆ ಬಾಳುವ ನಾವು ಕೆಲವೇ ಮನೆಯವರು. ಯಾರದು, ಎಲ್ಲಿಯದು ಎಂದು ನಾವು ಬರೆದಿಡದಿದ್ದರೆ ನಮ್ಮ ಮೊಮ್ಮಕ್ಕಳ ಕೈಗೆ ಅದು ಬರೀ ಹಳೆ ಕಾಗದವಾಗಿ ಸಿಗುತ್ತದೆ.