ಕುಸ್ತಿಯನ್ನು ಚಿತ್ರವಾಗಿಸಿದ ಸಾವೇ ದಾದಾ

ಮಲಬಾರ್ ಹಿಲ್ಲಿನ ನೆತ್ತಿಯಲ್ಲಿರುವ ಹ್ಯಾಂಗಿಂಗ್ ಗಾರ್ಡನ್ ನಿಮಗೆ ಹೊಸದಲ್ಲ. ಪ್ರಾಣಿಗಳ ಆಕಾರದಲ್ಲಿ ಕತ್ತರಿಸಿದ ಅಲ್ಲಿನ ಗಿಡಗಳನ್ನು ಕಂಡು ನಲಿದವರು ನಿಮ್ಮಲ್ಲಿ ಬಹುಮಂದಿ. ಆದರೆ ೧೮೯೯ರಲ್ಲಿ ಅದೇ ಉದ್ಯಾನದಲ್ಲಿ ಇಬ್ಬರು ಜಟ್ಟಿಗಳು ಒಂದು ಯಂತ್ರದ ಮುಂದೆ ಕುಸ್ತಿಯಾಡಿದರೆಂಬುದನ್ನು ಬಲ್ಲವರು ವಿರಳ. ಭಾರತೀಯರು ತೆಗೆದ ಮೊದಮೊದಲ ಚಲನಚಿತ್ರಗಳಲ್ಲಿ ಅದು ಒಂದು.

ಅದನ್ನು ತೆಗೆದವರು ಹರಿಶ್ಚಂದ್ರ ಸಖಾರಾಮ ಭಾಟವಡೇಕರರು. ಜನ ಅವರನ್ನು ಸಾವೇ ದಾದಾ ಎಂದು ಕರೆದರು. ೧೮೬೮ರಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಛಾಯಾಚಿತ್ರದ ವೃತ್ತಿಯನ್ನು ಕೈಗೊಂಡರು. ಫೋಟೋ ತೆಗೆಸಲು ಬಂದವರು ಅಲುಗಬಾರದೆಂಬುದೇ ಆ ವೃತ್ತಿಯ ಮೊದಲ ನಿಯಮ. ಕೈ ಕದಲಿದರೆ ಕೈ ಮಸುಕು. ತಲೆ ತಿರುಗಿದರೆ ಮುಖವೇ ಮಸುಕು. ಜೀವಂತ ಮನುಷ್ಯನನ್ನು ಗೊಂಬೆಯಂತೆ ನಿಲ್ಲಿಸಿದ ಹೊರತು ಚಿತ್ರ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ.

೧೮೯೬ರ ಜುಲೈ ೭ರಂದು ಫ್ರಾನ್ಸಿನ ಲುಮಿಯೇರ್ ಸೋದರರ ಚಲಿಸುವ ಚಿತ್ರಗಳು ನಮ್ಮ ನಗರದ ವಾಟ್ಸನ್ ಹೋಟೆಲಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದವು. ಆ ಹೊಸ ಕಲೆಯನ್ನು ಕಂಡು ಭಾಟವಡೇಕರರ ಮನಸ್ಸು ಸೂರೆಗೊಂಡಿತು. ತಾವೂ ಅಂತಹ ಚಿತ್ರಗಳನ್ನು ತೆಗೆಯಬೇಕೆಂದು ನಿಶ್ಚಯಿಸಿ, ೨೧ ಗಿನಿಗಳನ್ನು ತೆತ್ತು ಇಂಗ್ಲೆಂಡಿನಿಂದ ಕ್ಯಾಮೆರಾ ತರಿಸಿದರು.

ಈ ಚಿತ್ರಗಳ ಗುಟ್ಟು ಸರಳವಾದುದು. ಯಂತ್ರದ ಹಿಡಿಯನ್ನು ತಿರುಗಿಸಿದಂತೆ ಒಂದು ಸೆಕೆಂಡಿಗೆ ಸುಮಾರು ೧೬ ನಿಶ್ಚಲ ಚಿತ್ರಗಳು ಫಿಲ್ಮಿನ ಮೇಲೆ ಮೂಡುವವು. ಅವನ್ನು ಅದೇ ವೇಗದಲ್ಲಿ ಪರದೆಯ ಮೇಲೆ ತೋರಿದಾಗ ನಮಗೆ ಚಲನೆಯೇ ಕಾಣುವುದು. ಅಂದಿನ ಒಂದು ಸುರುಳಿ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಅಷ್ಟು ಅಲ್ಪ ಕಾಲದಲ್ಲಿ ಏನನ್ನು ತೋರಿಸುವುದು? ದೇಹದ ಬಲವೂ ಚಲನೆಯೂ ಒಟ್ಟಿಗೆ ಕಾಣಬೇಕಾದರೆ ಕುಸ್ತಿಗಿಂತ ತಕ್ಕ ವಿಷಯ ಬೇರೆ ಯಾವುದು? ನಮ್ಮ ಊರುಗಳ ಗರಡಿಮನೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುಂಡಲೀಕ ದಾದಾ ಮತ್ತು ಕೃಷ್ಣ ನ್ಹಾವಿ ಎಂಬ ಇಬ್ಬರು ಜಟ್ಟಿಗಳ ಪಂದ್ಯವನ್ನು ಭಾಟವಡೇಕರರು ಕ್ಯಾಮೆರಾಕ್ಕಾಗಿಯೇ ಏರ್ಪಡಿಸಿದರು. ದೀಪಗಳ ಅನುಕೂಲವಿಲ್ಲದ ಆ ಕಾಲದಲ್ಲಿ ಬಯಲಿನ ಬಿಸಿಲೇ ಆಧಾರ. ಅಲುಗಬೇಡಿರೆಂದು ಹೇಳುತ್ತಿದ್ದ ಅದೇ ಛಾಯಾಚಿತ್ರಗಾರರು ಈಗ ಚಲನೆಯನ್ನೇ ಬೇಡಿದರು!

ಫಿಲ್ಮನ್ನು ಸಂಸ್ಕರಿಸಲು ಲಂಡನ್ನಿಗೆ ಕಳುಹಿಸಬೇಕಾಯಿತು. ಅದು ಸಮುದ್ರ ದಾಟಿ ಮರಳುವ ತನಕ ತಮ್ಮ ಶ್ರಮ ಫಲಿಸಿತೋ ವ್ಯರ್ಥವಾಯಿತೋ ಅರಿಯುವ ದಾರಿಯಿರಲಿಲ್ಲ. ಆದರೂ ಅವರು ಧೈರ್ಯಗೆಡಲಿಲ್ಲ. ಕೋತಿಗಳನ್ನು ಪಳಗಿಸುವವನೊಬ್ಬನ ಆಟವನ್ನು ಚಿತ್ರಿಸಿದರು. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ರಘುನಾಥ ಪುರುಷೋತ್ತಮ ಪರಾಂಜಪೆಯವರು ೧೯೦೧ರಲ್ಲಿ ಸ್ವದೇಶಕ್ಕೆ ಮರಳಿದಾಗ ನಡೆದ ಸ್ವಾಗತವನ್ನೂ ಸೆರೆಹಿಡಿದರು.

ಮುಂದೆ ಅವರು ಕ್ಯಾಮೆರಾವನ್ನು ಬಿಟ್ಟು ಗೇಯ್ಟಿ ನಾಟಕಶಾಲೆಯ ವ್ಯವಸ್ಥಾಪಕರಾದರು. ೧೯೧೩ರಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಇದೇ ನಗರದ ಗಿರಗಾಂವಿನಲ್ಲಿ ಪ್ರದರ್ಶನಗೊಂಡಿತು. ೧೯೩೪ರಲ್ಲಿ ಕನ್ನಡದ ‘ಸತಿ ಸುಲೋಚನಾ’ ಪರದೆಯ ಮೇಲೆ ಮಾತನಾಡಿತು. ಇವೆಲ್ಲವೂ ಭಾಟವಡೇಕರರ ಜೀವಿತಕಾಲದಲ್ಲಿಯೇ ನಡೆದವು. ೧೯೫೮ರಲ್ಲಿ ಅವರು ಕಾಲವಶರಾದರು.

ಆ ಕುಸ್ತಿಯ ಸುರುಳಿ ಇಂದು ಉಳಿದಿಲ್ಲ. ಫಾಲ್ಕೆಯವರಿಗೆ ದೊರೆತ ಕೀರ್ತಿ ಭಾಟವಡೇಕರರಿಗೆ ದೊರೆಯಲೂ ಇಲ್ಲ. ಆದರೆ ಹಾದಿ ಸವೆದ ಮೇಲೆ ನಡೆಯುವವರು ಅನೇಕರು. ಮುಳ್ಳು ಸರಿಸಿ ಮೊದಲ ಹೆಜ್ಜೆಯಿಡುವವರು ಕೆಲವರೇ. ಮುಂದಿನ ಸಲ ಆ ಉದ್ಯಾನಕ್ಕೆ ಹೋದಾಗ ಒಂದು ಕ್ಷಣ ನಿಂತು ಆ ಹಿರಿಯರನ್ನು ನೆನೆಯಿರಿ.